ಥೆರಪಿ ನೋಟ್ಸ್: ಹಾಸನ ಕಡೆಯ ಹೊಸ ಕೌನ್ಸೆಲರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆ ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದವರು, ಸೈಕಾಲಜಿ ಓದಿ ಇಂಟರ್ನ್‌ಶಿಪ್‌ಗೆ ಬಂದವರು ನೋಟ್ಸ್ ಬಗ್ಗೆ ತುಂಬ ಕೇಳುತ್ತಾರೆ. ಥೆರಪಿಯ ವಿಧಾನಗಳನ್ನು ಕಾಲೇಜಿನಲ್ಲಿ ಕಲಿತಿರುತ್ತಾರೆ. ಸೆಷನ್ ಮುಗಿದ ಮೇಲೆ ಹಾಳೆಯ ಮೇಲೆ ಏನು ಬರೆಯಬೇಕು ಅನ್ನುವುದನ್ನು ಮಾತ್ರ ಕೆಲಸಕ್ಕೆ ಇಳಿದ ಮೇಲೇ ಕಲಿಯಬೇಕಾಗುತ್ತದೆ. ದೊಡ್ಡ ನಗರಗಳಿಗಾಗಿ ಬರೆದ ಸಲಹೆ ನಮ್ಮ ಕಡೆಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಯಾರು ಯಾರ ಮನೆಯವರು ಅಂತ ಎಲ್ಲರಿಗೂ ಗೊತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಉತ್ತರಗಳನ್ನು ಬರೆದಿದ್ದೇನೆ. ಉದಾಹರಣೆಗಳೆಲ್ಲ ಕಲ್ಪಿತ.

ಸೆಷನ್ ಚೆನ್ನಾಗಿ ನಡೆದರೆ ಸಾಕಲ್ವಾ? ನೋಟ್ಸ್ ಯಾಕೆ ಬೇಕು?

ಸಾಲದು. ವಾರಕ್ಕೆ ಹದಿನೈದು ಇಪ್ಪತ್ತು ಜನರನ್ನು ನೋಡುವವರಿಗೆ ಯಾರ ತಾಯಿ ಯಾವಾಗ ತೀರಿಕೊಂಡರು, ಯಾರ ಮಾತ್ರೆ ಬದಲಾಯಿತು ಅನ್ನುವುದೆಲ್ಲ ಕಲಸಿಹೋಗುತ್ತದೆ. ಅಳುತ್ತಾ ಒಮ್ಮೆ ಹೇಳಿಕೊಂಡದ್ದನ್ನು ನಾವು ಮತ್ತೆ ಕೇಳಿದರೆ ಎದುರಿಗೆ ಕೂತವರಿಗೆ ನೋವಾಗುತ್ತದೆ. "ಹೋದ ಸಲಾನೇ ಹೇಳಿದ್ನಲ್ಲ ಮೇಡಂ" ಅಂತ ಅವರು ಅಂದರೆ, ಕೂಡಿಸಿದ ನಂಬಿಕೆ ಅಲ್ಲೇ ಸ್ವಲ್ಪ ಸಡಿಲವಾಗುತ್ತದೆ.

ಇನ್ನೊಂದು ಕಾರಣ ನಮ್ಮ ಕಡೆಯದೇ. ಇಲ್ಲಿ ಸೆಷನ್‌ಗಳು ವಾರ ವಾರ ಸಾಲಾಗಿ ನಡೆಯುವುದು ಕಮ್ಮಿ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಜೋರಾದರೆ ತೋಟದ ಕಡೆಯವರು ಎರಡು ತಿಂಗಳು ಕಾಣುವುದಿಲ್ಲ. ಮಳೆ ಹಿಡಿದರೆ ಒಳಗಿನ ಹಳ್ಳಿಗಳಿಂದ ಬರುವುದೇ ಕಷ್ಟ. ಅವರು ತಿರುಗಿ ಬಂದ ದಿನ ಎಲ್ಲಿ ನಿಲ್ಲಿಸಿದ್ದೆವು ಅನ್ನುವುದು ನೆನಪಿನಲ್ಲಿ ಇರುವುದಿಲ್ಲ, ಫೈಲಿನಲ್ಲಿರಬೇಕು. ನೋಟ್ಸ್ ಮೊದಲು ಕ್ಲೈಂಟ್‌ನ ಆರೈಕೆಗಾಗಿ. ಕೋರ್ಟು, ಕಾನೂನು, ನಮ್ಮ ರಕ್ಷಣೆ ಎಲ್ಲ ಆಮೇಲೆ.

ಕಾನೂನು ಏನು ಹೇಳುತ್ತದೆ?

ಮುಖ್ಯವಾದದ್ದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಜಾರಿಗೆ ಬಂದದ್ದು 2018ರ ಮೇ 29ರಂದು. ಇದರ 23ನೇ ಕಲಂ ಗೋಪ್ಯತೆಯ ಹಕ್ಕಿನ ಬಗ್ಗೆ, 25ನೇ ಕಲಂ ತನ್ನ ದಾಖಲೆಯನ್ನು ತಾನು ನೋಡುವ ಹಕ್ಕಿನ ಬಗ್ಗೆ. ಎರಡೂ ಕ್ಲೈಂಟ್‌ಗೆ ಸೇರಿದ ಹಕ್ಕುಗಳು. ನಾವು ಅವರ ಮಾತನ್ನು ಕಾಪಾಡುವವರು ಅಷ್ಟೇ.

ಈ ಕಾಯ್ದೆಯ ಕೆಳಗೆ 2018ರಲ್ಲಿ ಬಂದ ನಿಯಮಗಳಲ್ಲಿ ಥೆರಪಿ ವರದಿಗೇ ಒಂದು ಕನಿಷ್ಠ ನಮೂನೆ ಇದೆ. ಎಷ್ಟೋ ಜನ ಅದನ್ನು ನೋಡಿಯೇ ಇರುವುದಿಲ್ಲ. ಸೆಷನ್ ಸಂಖ್ಯೆ, ದಿನಾಂಕ, ಅವಧಿ, ಥೆರಪಿಯ ವಿಧಾನ, ಆ ದಿನದ ಉದ್ದೇಶ, ಚರ್ಚೆಯಾದ ಮುಖ್ಯ ವಿಷಯ, ಬಳಸಿದ ತಂತ್ರ, ಥೆರಪಿಸ್ಟ್ ಗಮನಿಸಿದ್ದು, ಮುಂದಿನ ಸಲದ ಯೋಜನೆ. ಇಷ್ಟು ಅದರಲ್ಲಿದೆ. ಇದು ಮಾನಸಿಕ ಆರೋಗ್ಯ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಆದರೂ ಒಂದು ರೂಮಿನ ಕ್ಲಿನಿಕ್ ಇಟ್ಟವರೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ.

ಹಾಗಾದರೆ ಒಂದು ಒಳ್ಳೆಯ ನೋಟ್ ಹೇಗಿರುತ್ತದೆ?

ಬರೆದೇ ತೋರಿಸುತ್ತೇನೆ. ಇದರಲ್ಲಿ ಬರುವ ಪಿಎಚ್‌ಕ್ಯೂ-9 ಅಂದರೆ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಅದರ 9ನೇ ಪ್ರಶ್ನೆ ಸಾಯುವ ಯೋಚನೆಯದು.

"4ನೇ ಸೆಷನ್, 50 ನಿಮಿಷ, ಎದುರಾಎದುರು. ಉದ್ದೇಶ: ನಿದ್ದೆ, ಕೆಲಸಕ್ಕೆ ಮರಳುವುದು. ಅವರ ಮಾತು: 'ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ. ಆಮೇಲೆ ಸಾಲದ ಲೆಕ್ಕ ಹಾಕ್ತಾ ಬಿದ್ದಿರ್ತೀನಿ.' ಕಂಡದ್ದು: ಮಾತು ನಿಧಾನ, ಎರಡು ಸಲ ಅತ್ತರು, ಮಗಳ ವಿಷಯ ಬಂದಾಗ ಮುಖ ಅರಳಿತು. ಪಿಎಚ್‌ಕ್ಯೂ-9 ಅಂಕ 14, ಮೊದಲ ಸೆಷನ್‌ನಲ್ಲಿ 17. 9ನೇ ಪ್ರಶ್ನೆಗೆ 0. ಬಾಯಿಬಿಟ್ಟು ಕೇಳಿದಾಗಲೂ ಸಾಯುವ ಯೋಚನೆ ಇಲ್ಲ ಎಂದರು. ಮಾಡಿದ್ದು: ವಾರದ ನಿದ್ದೆಯ ದಿನಚರಿ ನೋಡಿದೆವು. ಚಿಂತೆಗೆಂದೇ ಸಂಜೆ ಇಪ್ಪತ್ತು ನಿಮಿಷ ಮೀಸಲಿಡುವುದನ್ನು ಅಭ್ಯಾಸ ಮಾಡಿದೆವು. ಮುಂದೆ: ದಿನಚರಿ ಮುಂದುವರಿಕೆ. ಮಧ್ಯಾಹ್ನ ಮಲಗುವುದು ಬೇಡ. ಮಾತ್ರೆಯ ಬಗ್ಗೆ ಮನೋವೈದ್ಯರನ್ನು ಕೇಳುತ್ತಾರೆ. ಮುಂದಿನ ವಾರ ಇದೇ ದಿನ."

ಇಷ್ಟೇ. ಬರೆಯಲು ಹತ್ತು ನಿಮಿಷ ಸಾಕು. ನಾಳೆ ನಿಮಗೆ ಜ್ವರ ಬಂದು ಬೇರೆಯವರು ಆ ಕುರ್ಚಿಯಲ್ಲಿ ಕೂತರೂ ಕೆಲಸ ಮುಂದುವರಿಯುತ್ತದೆ. ಇದರಲ್ಲಿ ಅವರ ಊರಿಲ್ಲ, ಸಾಲ ಕೊಟ್ಟವರ ಹೆಸರಿಲ್ಲ, ಸಾಲ ಯಾಕೆ ಆಯಿತು ಅನ್ನುವ ಕಥೆಯೂ ಇಲ್ಲ. ಅವು ಸೆಷನ್‌ನಲ್ಲಿ ಬಂದಿರಬಹುದು. ನಿದ್ದೆಯ ಆರೈಕೆಗೆ ಬೇಕಾಗಿರಲಿಲ್ಲ.

ಅವರು ಹೇಳಿದ್ದು, ನೀವು ಕಂಡದ್ದು, ನಿಮ್ಮ ಊಹೆ. ಈ ಮೂರನ್ನು ಒಂದರೊಳಗೊಂದು ಬೆರೆಸಬೇಡಿ. "ಗಂಡ ಕುಡುಕ" ಅಂತ ಬರೆದರೆ ಅದು ನಿಮ್ಮ ತೀರ್ಪು. "ಗಂಡ ದಿನಾ ಕುಡಿದು ಬರುತ್ತಾರೆ ಎಂದರು" ಅಂತ ಬರೆದರೆ ಅದು ದಾಖಲೆ.

ಸೋಪ್, ಡ್ಯಾಪ್ ಅಂತ ನಮೂನೆಗಳಿವೆಯಲ್ಲ, ಯಾವುದು ಒಳ್ಳೆಯದು?

ಸೋಪ್ ನಮೂನೆ 1960ರ ದಶಕದಲ್ಲಿ ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ರೂಪಿಸಿದ ದಾಖಲೆ ಕ್ರಮದಿಂದ ಬಂದದ್ದು. ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು, ನಿರ್ಣಯ, ಯೋಜನೆ ಅಂತ ನಾಲ್ಕು ಭಾಗ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲ, ಡಾಕ್ಟರಿಗೂ ನರ್ಸಿಗೂ ಪರಿಚಿತ. ಡ್ಯಾಪ್‌ನಲ್ಲಿ ಮೊದಲ ಎರಡು ಸೇರಿ ಒಂದಾಗುತ್ತವೆ. ಮಾತಿನಲ್ಲೇ ನಡೆಯುವ ಥೆರಪಿಗೆ ಅದು ಸಲೀಸು. ಯಾವುದನ್ನು ಹಿಡಿದರೂ ಸರಿ, ಪ್ರತಿ ಸಲ ಅದನ್ನೇ ಹಿಡಿಯಿರಿ.

ಏನು ಬರೆಯಬಾರದು?

ಚಿಕ್ಕ ಊರಿನಲ್ಲಿ ಇದೇ ದೊಡ್ಡ ಪ್ರಶ್ನೆ. ಹೆಸರು ಬರೆಯದಿದ್ದರೆ ಗುರುತು ಸಿಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆಗೆ ಸಿಕ್ಕಿ ಜನ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಊರಿನ ಹೆಸರಿನ ಸಮೇತ ಬರುತ್ತದೆ. ಅಂಥ ಮನೆಯ ಮಗನೊಬ್ಬ ನಿಮ್ಮಲ್ಲಿಗೆ ಬಂದಿದ್ದಾನೆ ಅಂತಿಟ್ಟುಕೊಳ್ಳಿ. ನೋಟ್‌ನಲ್ಲಿ ಊರು ಮತ್ತು ದಿನ ಬರೆದರೆ ಅವನ ಹೆಸರು ಬರೆದಂತೆಯೇ. "ತಂದೆಯ ಆಕಸ್ಮಿಕ ಸಾವು, ಕ್ಲೈಂಟ್ ಸ್ಥಳದಲ್ಲಿದ್ದರು, ಸಂಜೆಯಾದ ಮೇಲೆ ಹೊರಗೆ ಹೋಗಲು ಭಯ" ಅಂದರೆ ಆರೈಕೆಗೆ ಬೇಕಾದದ್ದೆಲ್ಲ ಬಂತು.

ಕ್ಲೈಂಟ್ ಬಿಟ್ಟು ಬೇರೆಯವರ ಹೆಸರೂ ಹಾಗೆಯೇ. ಮೈದುನ, ಅತ್ತಿಗೆ, ಕೆಲಸದ ಜಾಗದ ಮೇಲಿನವರು ಅಂತ ಸಂಬಂಧ ಬರೆಯಿರಿ, ಹೆಸರು ಬೇಡ. ಆ ಮೈದುನ ನಿಮ್ಮ ಮುಂದೆ ಕೂತು ಒಪ್ಪಿಗೆ ಕೊಟ್ಟಿಲ್ಲ. ನಾಳೆ ಅವನೇ ನಿಮ್ಮಲ್ಲಿಗೆ ಬರಬಹುದು ಅನ್ನುವುದೂ ನಿಜ. ಎಸ್ಟೇಟಿನ ರೈಟರ್, ಮೇಸ್ತ್ರಿ ಅಂತ ಕೆಲಸ ಬರೆದು ಜೊತೆಗೆ ಎಸ್ಟೇಟಿನ ಹೆಸರು ಬರೆದರೆ ಅಂಥವರು ಒಬ್ಬರೋ ಇಬ್ಬರೋ. ಎರಡರಲ್ಲಿ ಒಂದನ್ನು ಬಿಡಿ. ವಿಳಾಸ, ಫೋನ್ ನಂಬರ್ ಎಲ್ಲ ಮೊದಲ ದಿನದ ಫಾರ್ಮ್‌ನಲ್ಲಿ ಬೇರೆ ಇರಲಿ. ಸೆಷನ್ ನೋಟ್ಸ್ ಮೇಲೆ ಫೈಲ್ ನಂಬರ್ ಮಾತ್ರ ಸಾಕು.

ಜಾತಿ ಬರೆಯಬೇಕಾ ಅಂತ ಕೆಲವರು ಕೇಳುತ್ತಾರೆ. ಸಂಕಟಕ್ಕೂ ಅದಕ್ಕೂ ಸಂಬಂಧವಿದ್ದರೆ ಬರೆಯಿರಿ. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಮನೆಯವರು ಬಿಟ್ಟಿದ್ದಾರೆ ಅನ್ನುವುದು, ಹಾಸ್ಟೆಲಿನಲ್ಲಿ ಜಾತಿ ಹಿಡಿದು ಆಡಿದ ಮಾತು ಎದೆಯಲ್ಲಿ ಕೂತಿದೆ ಅನ್ನುವುದು ಆರೈಕೆಯ ವಿಷಯ. ಸುಮ್ನೆ ಫಾರ್ಮ್ ತುಂಬಲು ಕೇಳಬೇಡಿ.

ಸೆಷನ್ ನಡೆಯುವಾಗಲೇ ಬರೆಯಬಹುದಾ?

ಒಂದೆರಡು ಪದ ಗುರುತು ಹಾಕಿಕೊಳ್ಳಬಹುದು. ದಿನಾಂಕ, ಮಾತ್ರೆಯ ಹೆಸರು, ಅವರ ಬಾಯಿಂದ ಬಂದ ಒಂದು ವಾಕ್ಯ. ಅದಕ್ಕಿಂತ ಜಾಸ್ತಿ ಬೇಡ. ನಮ್ಮ ಕಡೆ ಎದುರಿಗೆ ಕೂತು ಬರೆದುಕೊಳ್ಳುವವರು ಅಂದರೆ ಜನರಿಗೆ ನೆನಪಾಗುವುದು ಪೊಲೀಸ್ ಸ್ಟೇಷನ್ ಅಥವಾ ತಾಲ್ಲೂಕು ಕಚೇರಿ. ಪೆನ್ನು ಓಡತೊಡಗಿದರೆ ಬಾಯಿ ಕಟ್ಟುತ್ತದೆ. ಮೊದಲ ಸೆಷನ್‌ನಲ್ಲೇ ಹೇಳಿಬಿಡಿ: "ಮರೆಯಬಾರದು ಅಂತ ಸ್ವಲ್ಪ ಬರ್ಕೋತೀನಿ. ಏನ್ ಬರೆದೆ ಅಂತ ನೀವು ಯಾವಾಗ ಬೇಕಾದ್ರೂ ಕೇಳಬಹುದು."

ಪೂರ್ತಿ ನೋಟ್ ಅದೇ ದಿನ ಬರೆಯಿರಿ. ಎರಡು ಸೆಷನ್ ನಡುವೆ ಹತ್ತು ನಿಮಿಷ ಬಿಡುವು ಇಟ್ಟುಕೊಳ್ಳುವುದು ಇದಕ್ಕೇ. ಹೊರಗೆ ಕಾಯುತ್ತಿದ್ದಾರೆ ಅಂತ ಆ ಹತ್ತು ನಿಮಿಷವನ್ನು ಬಿಟ್ಟುಕೊಡಬೇಡಿ. ತಡವಾಗಿ ಬರೆದರೆ ಬರೆದ ದಿನಾಂಕವನ್ನೇ ಹಾಕಿ, ಯಾವ ದಿನದ ಸೆಷನ್ ಅಂತ ಪಕ್ಕದಲ್ಲಿ ಬರೆಯಿರಿ. ಹಳೆಯ ದಿನಾಂಕ ಹಾಕಬೇಡಿ.

ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷಿನಲ್ಲಾ?

ಎರಡೂ ನಡೆಯುತ್ತದೆ. ಕ್ಲೈಂಟ್ ಆಡಿದ ಮಾತನ್ನು ಮಾತ್ರ ಅವರ ಕನ್ನಡದಲ್ಲೇ ಬರೆಯಿರಿ. "ಎದೆ ಮೇಲೆ ಕಲ್ಲಿಟ್ಟಂಗಾಗುತ್ತೆ" ಅಂದವರ ಮಾತನ್ನು ನೀವು ಒಂದು ರೋಗಲಕ್ಷಣದ ಹೆಸರಿಗೆ ಇಳಿಸಿದರೆ ಆರು ತಿಂಗಳ ನಂತರ ಏನು ಬದಲಾಯಿತು ಅಂತ ಹೋಲಿಸಲು ಏನೂ ಉಳಿಯುವುದಿಲ್ಲ. ಹಾಸನದ ಹಿಮ್ಸ್ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸುವ ಪತ್ರ ಇಂಗ್ಲಿಷಿನಲ್ಲಿದ್ದರೆ ಅಲ್ಲಿನವರಿಗೆ ಸುಲಭ.

ಸಾಯುವ ಮಾತು ಬಂದಾಗ ನೋಟ್ ಹೇಗೆ?

ಇಲ್ಲಿ ಸಮಯ ಉಳಿಸಬೇಡಿ. ಉಳಿದ ನೋಟ್ಸ್ ಚಿಕ್ಕದಾಗಿರಲಿ, ಇದು ಉದ್ದವಾಗಲಿ.

ಮೊದಲು, ನೀವು ನೇರವಾಗಿ ಕೇಳಿದಿರಿ ಅನ್ನುವುದು ಬರಬೇಕು. ಅವರ ಉತ್ತರ ಅವರ ಮಾತಿನಲ್ಲೇ ಬರಬೇಕು. "ಇದ್ದು ಏನು ಮಾಡ್ಲಿ ಅನ್ಸುತ್ತೆ" ಅನ್ನುವುದಕ್ಕೂ, ಹೇಗೆ ಯಾವಾಗ ಅಂತ ಯೋಚಿಸಿಟ್ಟಿರುವುದಕ್ಕೂ ತುಂಬ ವ್ಯತ್ಯಾಸವಿದೆ. ಹಿಂದೆ ಪ್ರಯತ್ನ ಮಾಡಿದ್ದಾರಾ, ಕುಡಿತ ಇದೆಯಾ, ಮನೆಯಲ್ಲಿ ಒಂಟಿಯಾಗಿರುತ್ತಾರಾ, ಯಾರಿಗಾಗಿ ಬದುಕಬೇಕು ಅನ್ನಿಸುತ್ತದೆ, ಇವನ್ನೂ ಬರೆಯಿರಿ. ಆಮೇಲೆ ನೀವು ಏನು ಮಾಡಿದಿರಿ, ಯಾಕೆ ಮಾಡಿದಿರಿ. "ಅಪಾಯ ಕಡಿಮೆ" ಅಂತ ಎರಡು ಪದ ಬರೆದು ಮುಗಿಸಿದರೆ ಓದುವವರಿಗೆ ನಿಮ್ಮ ಯೋಚನೆಯ ದಾರಿ ಕಾಣುವುದಿಲ್ಲ.

ನಮ್ಮದು ಕೃಷಿ ಜಿಲ್ಲೆ. ಎಷ್ಟೋ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಇರುತ್ತದೆ. ಅದನ್ನು ಮನೆಯಿಂದ ದೂರ ಮಾಡಿಸುವುದು, ಬೀಗ ಹಾಕಿಸುವುದು ಜೀವ ಉಳಿಸುವ ಕೆಲಸ. ಯಾರ ಜೊತೆ ಮಾತಾಡಿದಿರಿ, ಕ್ಲೈಂಟ್ ಒಪ್ಪಿದರಾ, ಬೀಗದ ಕೈ ಯಾರ ಹತ್ತಿರ ಅನ್ನುವುದು ನೋಟ್‌ನಲ್ಲಿರಬೇಕು. ಮರುದಿನ ಫೋನ್ ಮಾಡಿ ವಿಚಾರಿಸಿದರೆ ಅದೂ ಬರಬೇಕು. ಟೆಲಿ ಮಾನಸ್ ನಂಬರ್ 14416 ಬರೆದು ಕೈಗೆ ಕೊಟ್ಟೆ ಅನ್ನುವುದೂ ಬರಲಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಬರೆದರೆ ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಭಯ ಇನ್ನೂ ಇದೆ. 2017ರ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲವೇ ಇಲ್ಲ. ಕೇಸಿನ ಭಯಕ್ಕೆ ಬರೆಯದೆ ಬಿಡಬೇಡಿ.

ನನ್ನ ಸ್ವಂತ ಟಿಪ್ಪಣಿ ಬೇರೆ ಇಟ್ಟುಕೊಳ್ಳಬಹುದಾ?

ಅಮೆರಿಕದ ಕಾನೂನಿನಲ್ಲಿ ಥೆರಪಿಸ್ಟ್‌ನ ಖಾಸಗಿ ಟಿಪ್ಪಣಿಯನ್ನು ಫೈಲಿನಿಂದ ಬೇರೆ ಇಟ್ಟರೆ ಅದಕ್ಕೆ ಹೆಚ್ಚಿನ ರಕ್ಷಣೆ ಇದೆ. ಇಂಟರ್ನೆಟ್‌ನಲ್ಲಿ ಓದಿದವರು ಇಲ್ಲಿಯೂ ಹಾಗೇ ಅಂದುಕೊಳ್ಳುತ್ತಾರೆ. ನಮ್ಮ ಕಾಯ್ದೆ ಅಂಥ ಬೇರೆ ವರ್ಗ ಮಾಡಿಲ್ಲ. ಸೂಪರ್‌ವಿಷನ್‌ನಲ್ಲಿ, ಅಂದರೆ ಹಿರಿಯ ಥೆರಪಿಸ್ಟ್ ಮಾರ್ಗದರ್ಶನದಲ್ಲಿ ಕೇಳಬೇಕಾದ ಪ್ರಶ್ನೆ, ನಿಮ್ಮ ಮನಸ್ಸಿಗೆ ಬಂದ ಸಿಟ್ಟು ಅಥವಾ ಸಂಕಟ, ಇದನ್ನೆಲ್ಲ ಬೇರೆ ಪುಸ್ತಕದಲ್ಲಿ ಬರೆಯಿರಿ, ಯಾರದು ಅಂತ ಗೊತ್ತಾಗದಂತೆ ಬರೆಯಿರಿ. ಆದರೆ ಅದು ಎಂದೂ ಹೊರಗೆ ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯಬೇಡಿ.

ಕ್ಲೈಂಟೇ ತಮ್ಮ ನೋಟ್ಸ್ ಕೇಳಿದರೆ?

ಕೊಡಬೇಕು, ಅದು ಅವರ ಹಕ್ಕು. ಮೂಲ ವೈದ್ಯಕೀಯ ದಾಖಲೆಗೆ ಅರ್ಜಿ ಕೊಟ್ಟರೆ 15 ದಿನದೊಳಗೆ ಕೊಡಬೇಕು ಅಂತ ನಿಯಮವಿದೆ. ಓದಿದರೆ ಅವರ ಮನಸ್ಸಿಗೆ ಗಂಭೀರ ಹಾನಿಯಾಗುತ್ತದೆ ಅಥವಾ ಬೇರೆಯವರಿಗೆ ಅಪಾಯ ಅನ್ನಿಸಿದರೆ ಆ ಭಾಗವನ್ನಷ್ಟೇ ತಡೆಹಿಡಿಯಬಹುದು. ಆಗ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು ಅಂತ ಅವರಿಗೆ ನೀವೇ ಹೇಳಬೇಕು.

ಕೈಗೆ ಕೊಟ್ಟು ಕಳಿಸುವುದಕ್ಕಿಂತ ಜೊತೆಯಲ್ಲಿ ಕೂತು ಓದುವುದು ಒಳ್ಳೆಯದು. ಮನೆಗೆ ಒಯ್ದರೆ ಅದನ್ನು ಬೇರೆ ಯಾರು ಓದಬಹುದು ಅಂತ ಮೊದಲೇ ಕೇಳಿ. ಪ್ರತಿ ನೋಟನ್ನೂ ಅವರು ಓದುತ್ತಾರೆ ಅಂದುಕೊಂಡೇ ಬರೆದವರಿಗೆ ಆ ದಿನ ಹೆದರಿಕೆ ಇರುವುದಿಲ್ಲ.

ಗಂಡ, ಅತ್ತೆ, ಅಪ್ಪ ಬಂದು "ಏನ್ ಹೇಳಿದ್ಲು" ಅಂತ ಕೇಳಿದರೆ?

ಕರೆದುಕೊಂಡು ಬಂದವರು ಅವರೇ, ಫೀಸ್ ಕೊಟ್ಟವರೂ ಅವರೇ. ಕೇಳುವುದು ತಪ್ಪು ಅಂತ ಅವರಿಗೆ ಅನ್ನಿಸುವುದಿಲ್ಲ, ಎಷ್ಟೋ ಸಲ ಕಾಳಜಿಯಿಂದಲೇ ಕೇಳುತ್ತಾರೆ. ಆದರೂ ಕ್ಲೈಂಟ್ ವಯಸ್ಕರಾದರೆ ಕ್ಲೈಂಟ್‌ನ ಒಪ್ಪಿಗೆ ಇಲ್ಲದೆ ಏನೂ ಹೇಳಬಾರದು. ಕಾಯ್ದೆ ಕೆಲವು ಸಂದರ್ಭಗಳನ್ನು ಬಿಟ್ಟಿದೆ: ಕ್ಲೈಂಟ್ ತಾವೇ ಹೆಸರಿಸಿದ ನಾಮನಿರ್ದೇಶಿತ ಪ್ರತಿನಿಧಿಗೆ ಅವರ ಕೆಲಸಕ್ಕೆ ಬೇಕಾದಷ್ಟು, ಚಿಕಿತ್ಸೆ ಕೊಡುವ ಬೇರೆ ವೃತ್ತಿಪರರಿಗೆ, ಜೀವಕ್ಕೆ ಅಪಾಯವಿದ್ದಾಗ ಅದನ್ನು ತಪ್ಪಿಸಲು ಬೇಕಾದಷ್ಟು.

ಹೀಗೆ ಹೇಳಿ ನೋಡಿ: "ಅಮ್ಮ, ಅವರು ಇಲ್ಲಿ ಆಡಿದ್ದು ಇಲ್ಲೇ ಇದ್ದರೆ ಮಾತ್ರ ಬಿಚ್ಚಿ ಮಾತಾಡ್ತಾರೆ. ಮನೇಲಿ ನೀವು ಏನು ಮಾಡಿದ್ರೆ ಅನುಕೂಲ ಅನ್ನೋದನ್ನ ಅವರನ್ನೂ ಕೂರಿಸಿಕೊಂಡು ಒಟ್ಟಿಗೆ ಮಾತಾಡೋಣ." ಯಾರು ಕೇಳಿದರು, ನೀವು ಏನು ಹೇಳಿದಿರಿ ಅನ್ನುವುದನ್ನೂ ಫೈಲಿನಲ್ಲಿ ಬರೆದಿಡಿ.

ಕೋರ್ಟಿನಿಂದ ಸಮನ್ಸ್ ಬಂದರೆ? ಪೊಲೀಸರು ಕೇಳಿದರೆ?

ವಕೀಲರಿಗೂ ಕಕ್ಷಿದಾರರಿಗೂ ನಡುವೆ ಇರುವಂಥ ರಕ್ಷಣೆ ಸಾಕ್ಷ್ಯ ಕಾನೂನಿನಲ್ಲಿ ಥೆರಪಿಸ್ಟ್‌ಗಳಿಗೆ ಇಲ್ಲ. ಆದ್ದರಿಂದ ಸಮನ್ಸ್ ಬಂದರೆ ಸುಮ್ಮನಿರುವಂತಿಲ್ಲ. ಆದರೆ ಬಾಯಿಮಾತಿನಲ್ಲಿ ಬಂದು ಫೈಲ್ ಕೊಡಿ ಅಂದರೆ ಕೊಡುವಂತಿಲ್ಲ. ಲಿಖಿತ ಆದೇಶ ಕೇಳಿ, ಯಾರ ಆದೇಶ ಅಂತ ನೋಡಿ. ಕ್ಲೈಂಟ್‌ಗೆ ತಿಳಿಸಿ, ವಕೀಲರನ್ನು ಕೇಳಿ, ಕೇಳಿದಷ್ಟನ್ನೇ ಕೊಡಿ. ವಿಚ್ಛೇದನ, ಮಗುವಿನ ಪಾಲನೆಯ ಕೇಸುಗಳಲ್ಲಿ ಇದು ಬರುತ್ತದೆ. ಸಮನ್ಸ್ ಬಂದ ಮೇಲೆ ಹಳೆಯ ನೋಟ್‌ನಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ಮಕ್ಕಳ ವಿಷಯದಲ್ಲಿ ಏನು ಬೇರೆ?

18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಗೋಪ್ಯತೆ ಅಡ್ಡ ಬರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಮಕ್ಕಳ ಸಹಾಯವಾಣಿ 1098. ಈ ನೋಟ್‌ನಲ್ಲಿ ಮಗುವಿನ ಮಾತು ಮಗುವಿನ ಮಾತಿನಲ್ಲೇ ಇರಬೇಕು. ನೀವು ಕೇಳಿದ ಪ್ರಶ್ನೆಯೂ ಇರಬೇಕು. "ಯಾರು ಮುಟ್ಟಿದ್ರು, ಮಾವಾನಾ?" ಅಂತ ಕೇಳಿದ್ದಕ್ಕೂ "ಆಮೇಲೆ ಏನಾಯ್ತು?" ಅಂತ ಕೇಳಿದ್ದಕ್ಕೂ ಮುಂದೆ ಬಹಳ ವ್ಯತ್ಯಾಸ ಬೀಳುತ್ತದೆ. ಈ ಕಾನೂನನ್ನು ಕೆಲಸ ಶುರುವಾಗುವ ಮೊದಲೇ ತಂದೆತಾಯಿಗೂ, ದೊಡ್ಡ ಮಕ್ಕಳಿಗೂ ಹೇಳಿಡಿ.

ಕ್ಲೈಂಟ್ ಹೊರಗೆ ಸಿಕ್ಕಿದ್ದನ್ನು ಬರೆಯಬೇಕಾ?

ಹಾಸನಾಂಬೆ ದರ್ಶನದ ಸಾಲಿನಲ್ಲಿ ಸಿಗುತ್ತಾರೆ, ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೇ ಸಿಗುತ್ತಾರೆ. ನೀವಾಗಿ ಮಾತಾಡಿಸಬೇಡಿ, ಅವರು ನಕ್ಕರೆ ನಗಿ. ಬರೀ ಕಂಡದ್ದಾದರೆ ಬರೆಯುವುದು ಬೇಡ. ಅಲ್ಲೇ ಅವರು ಏನಾದರೂ ಹೇಳಿಕೊಂಡರೆ, ಅಥವಾ ನಿಮ್ಮಿಬ್ಬರಿಗೂ ಒಂದೇ ಕುಟುಂಬದ ನಂಟು ಇದೆ ಅಂತ ಅಲ್ಲಿ ಗೊತ್ತಾದರೆ, ಒಂದು ಸಾಲು ಬರೆದು ಮುಂದಿನ ಸೆಷನ್‌ನಲ್ಲಿ ಮಾತಾಡಿ.

ಪುಸ್ತಕವಾ, ಕಂಪ್ಯೂಟರಾ?

ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಇಂಕು ಹರಡುತ್ತದೆ. ಕಾಗದವಾದರೆ ಬಾಲ್ ಪೆನ್ನು, ಕಬ್ಬಿಣದ ಬೀರು, ಬೀಗ. ಬೀಗದ ಕೈ ನಿಮ್ಮ ಹತ್ತಿರ ಮಾತ್ರ. ರಿಸೆಪ್ಷನ್‌ನಲ್ಲಿ ಕೂರುವ ಹುಡುಗಿಯೂ ಇದೇ ಊರಿನವಳು, ಅವಳಿಗೆ ಅಪಾಯಿಂಟ್‌ಮೆಂಟ್ ಪುಸ್ತಕ ಸಾಕು. ಕಂಪ್ಯೂಟರಾದರೆ ಪಾಸ್‌ವರ್ಡ್, ಎನ್‌ಕ್ರಿಪ್ಷನ್, ಕರೆಂಟ್ ಹೋದರೂ ಕಳೆದುಹೋಗದಂತೆ ಬ್ಯಾಕಪ್. ಮನೆಯವರೆಲ್ಲ ಬಳಸುವ ಲ್ಯಾಪ್‌ಟಾಪ್ ಬೇಡ. ನೋಟ್‌ನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಮನೋವೈದ್ಯರಿಗೆ ಕಳಿಸುವುದು ನಮ್ಮ ಕಡೆ ಚೆನ್ನಾಗಿ ಬೇರುಬಿಟ್ಟ ಅಭ್ಯಾಸ. ಅದು ಎರಡೂ ಫೋನಿನ ಗ್ಯಾಲರಿಯಲ್ಲಿ ಕೂರುತ್ತದೆ. ದಯವಿಟ್ಟು ನಿಲ್ಲಿಸಿ. ಪತ್ರ ಬರೆದು ಲಕೋಟೆಯಲ್ಲಿ ಕ್ಲೈಂಟ್ ಕೈಗೇ ಕೊಡಿ.

ಎಐ ಆ್ಯಪ್‌ಗೆ ಸೆಷನ್ ಕೇಳಿಸಿ ನೋಟ್ಸ್ ಮಾಡಿಸಬಹುದಾ?

ರೆಕಾರ್ಡಿಂಗ್ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ಬಳಸುತ್ತಾರೆ ಅಂತ ಕ್ಲೈಂಟ್‌ಗೆ ಅರ್ಥವಾಗುವಂತೆ ಹೇಳಲು ನಿಮಗೆ ಆಗದಿದ್ದರೆ ಬೇಡ. ಅರ್ಥವಾಗದೆ ಹಾಕಿದ ಸಹಿ ಒಪ್ಪಿಗೆಯಲ್ಲ. ನಮ್ಮ ಕಡೆಯ ಮಾತನ್ನು ಆ್ಯಪ್ ತಪ್ಪಾಗಿ ಕೇಳಿಸಿಕೊಂಡರೂ ಕೆಳಗೆ ಸಹಿ ನಿಮ್ಮದೇ ಇರುತ್ತದೆ.

ತಪ್ಪು ಬರೆದಿದ್ದರೆ?

ಒಂದೇ ಗೆರೆ ಎಳೆಯಿರಿ, ಕೆಳಗಿನದು ಕಾಣಬೇಕು. ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ದಿನಾಂಕ, ಸಹಿ ಹಾಕಿ. ವೈಟ್ನರ್ ಬೇಡ, ಹಾಳೆ ಹರಿಯುವುದು ಬೇಡ.

ಎಷ್ಟು ವರ್ಷ ಇಡಬೇಕು?

ವೈದ್ಯರಿಗೆ 2002ರ ಮೆಡಿಕಲ್ ಕೌನ್ಸಿಲ್ ನಿಯಮಗಳಲ್ಲಿ ಒಳರೋಗಿಗಳ ದಾಖಲೆಗೆ 3 ವರ್ಷ ಅಂತ ಇದೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2007ರ ಮಾರ್ಗಸೂಚಿಯಲ್ಲಿ, ಬೇರೆ ಕಾನೂನು ಇಲ್ಲದ ಕಡೆ, ವಯಸ್ಕರಿಗೆ ಕೊನೆಯ ಸೆಷನ್ ಆಗಿ 7 ವರ್ಷ ಎನ್ನುತ್ತದೆ. ಮಕ್ಕಳದ್ದಾದರೆ ಅವರು ವಯಸ್ಕರಾಗಿ 3 ವರ್ಷದವರೆಗೆ, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅದು. 3 ವರ್ಷ ಥೆರಪಿಗೆ ಕಮ್ಮಿ ಅಂತ ನನ್ನ ಅಭಿಪ್ರಾಯ, ಏಳು ಇಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ರದ್ದಿಗೆ ಹಾಕಬೇಡಿ. ಹಾಸನದ ರದ್ದಿ ಪೇಪರ್ ಬೋಂಡಾ ಕಟ್ಟಲು ಹೋಗುತ್ತದೆ. ಚೂರು ಮಾಡಿ ಅಥವಾ ಸುಟ್ಟುಹಾಕಿ. ಯಾವ ನಂಬರಿನ ಫೈಲುಗಳನ್ನು ಯಾವತ್ತು ನಾಶ ಮಾಡಿದಿರಿ ಅಂತ ಒಂದು ರಿಜಿಸ್ಟರಿನಲ್ಲಿ ಬರೆದಿಡಿ.

ನಾನು ಊರು ಬಿಟ್ಟರೆ, ಅಥವಾ ನನಗೇ ಏನಾದರೂ ಆದರೆ ಫೈಲುಗಳ ಗತಿ?

ಈ ಪ್ರಶ್ನೆಯನ್ನು ಕೇಳುವವರು ತೀರಾ ಕಮ್ಮಿ, ಆದರೆ ಮೊದಲ ವರ್ಷವೇ ಯೋಚಿಸಬೇಕು. ಇದೇ ವೃತ್ತಿಯಲ್ಲಿರುವ ನಂಬಿಕಸ್ಥರೊಬ್ಬರನ್ನು ಕೇಳಿ ಒಪ್ಪಿಸಿ. ಸಾಧ್ಯವಾದರೆ ಬೇರೆ ತಾಲ್ಲೂಕಿನವರಾಗಿರಲಿ. ಬೀರುವಿನ ಕೈ ಎಲ್ಲಿದೆ, ಪಾಸ್‌ವರ್ಡ್ ಹೇಗೆ ಸಿಗುತ್ತದೆ, ಈಗ ನಡೆಯುತ್ತಿರುವ ಕ್ಲೈಂಟ್‌ಗಳಿಗೆ ಯಾರು ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಲಕೋಟೆ ಮುಚ್ಚಿ ಅವರಿಗೆ ಕೊಡಿ. ಅವರ ಹೆಸರನ್ನು ನಿಮ್ಮ ಕನ್ಸೆಂಟ್ ಫಾರ್ಮ್‌ನಲ್ಲೂ ಹಾಕಿ. ಮನೆಯವರಿಗೆ ಇಷ್ಟು ಹೇಳಿಟ್ಟರೆ ಸಾಕು: ಆ ಬೀರುವನ್ನು ನೀವು ತೆಗೆಯಬೇಡಿ, ಇವರಿಗೆ ಫೋನ್ ಮಾಡಿ.